ಕಾಕಟೂ: ಹಕ್ಕಿ ತಾನೇ ಕೂಗಿ ಹೇಳಿದ ಹೆಸರು

ಮೈಸೂರಿನ ಶುಕವನ ನೋಡಿಕೊಂಡು ಬಂದವರು ಈ ಅಂಕಣಕ್ಕೆ ಬರೆಯುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಬಿಳಿ ಮೈ, ತಲೆಯ ಮೇಲೆ ಬೇಕಾದಾಗ ಅರಳಿಸಿ ಬೇಡವಾದಾಗ ಮಡಚಿಕೊಳ್ಳುವ ಜುಟ್ಟು, ಆ ದೊಡ್ಡ ಗಿಳಿಗೆ ಕಾಕಟೂ ಎನ್ನುತ್ತಾರಲ್ಲ, ಹಾಗೆಂದರೇನು? ಕಾಕ ಎಂದರೆ ಕಾಗೆ ತಾನೆ? ಹಾಗಿದ್ದರೆ ಇದು ನಮ್ಮ ಕಡೆಯಿಂದಲೇ ಹೋದ ಹೆಸರೇ? ಸಂಸ್ಕೃತ ಓದಿಕೊಂಡ ಓದುಗರಿಗೆ ಈ ಗುಮಾನಿ ಬಂದೇ ಬರುತ್ತದೆ. ಹೆಸರು ಸಂಸ್ಕೃತದ್ದಲ್ಲ, ಇಂಗ್ಲಿಷಿನದ್ದೂ ಅಲ್ಲ. ಅದು ಮಲಯ್ ಭಾಷೆಯ ಕಾಕಾತುವಾ. ಆದರೂ ಕಾಗೆಯನ್ನು ನೆನೆದವರ ಊಹೆ ಪೂರ್ತಿ ಅಡ್ಡದಾರಿಯದಲ್ಲ. ಕಾಗೆಗೂ ಈ ಹಕ್ಕಿಗೂ ಹೆಸರು ಹುಟ್ಟಿದ ಬಗೆಯಲ್ಲಿ ಒಂದು ನಂಟಿದೆ.

ಮೊದಲು ಹಕ್ಕಿಯ ಪರಿಚಯ. ಕಾಕಟೂ ಗಿಳಿಗಳ ಬಳಗದ್ದೇ ಆದರೂ ಅದರದೇ ಬೇರೆ ಕುಟುಂಬವಿದೆ, ಅದರಲ್ಲಿ 21 ಪ್ರಭೇದಗಳು. ಆಸ್ಟ್ರೇಲಿಯಾ, ನ್ಯೂಗಿನಿ, ಇಂಡೋನೇಷ್ಯಾದ ಪೂರ್ವದ ದ್ವೀಪಗಳು, ಸಾಲೊಮನ್ ದ್ವೀಪಗಳು, ಫಿಲಿಪ್ಪೀನ್ಸ್, ಇಷ್ಟೇ ಅವುಗಳ ತವರು. ನಮ್ಮ ಗಿಳಿಯ ಹಸಿರಾಗಲಿ, ಮಕಾವಿನ ನೀಲಿಯಾಗಲಿ ಯಾವ ಕಾಕಟೂವಿನ ಮೈಮೇಲೂ ಕಾಣದು. ಆ ಬಣ್ಣಗಳನ್ನು ಹೊಮ್ಮಿಸುವ ಗರಿಯ ಒಳರಚನೆಯೇ ಇವುಗಳಲ್ಲಿಲ್ಲ. ಹಾಗಾಗಿ ಬಿಳಿ, ಕಪ್ಪು, ಬೂದು, ನಸುಗೆಂಪು, ನಡುನಡುವೆ ಹಳದಿ, ಕೆಂಪು. ಮೈತುಂಬ ಹಿಟ್ಟಿನಂಥ ಪುಡಿ. ಈ ಪುಡಿಯೇ ಗರಿಗಳನ್ನು ನೀರು ಸೋಕದಂತೆ ಕಾಯುತ್ತದೆ.

ಇನ್ನು ಹೆಸರು. ಮಲಯ್ ಮಾತಾಡುವವರನ್ನು ಕೇಳಿದರೆ ಹಲವರು ಥಟ್ಟನೆ ಒಂದು ಉತ್ತರ ಕೊಡುತ್ತಾರೆ. ಆ ಭಾಷೆಯಲ್ಲಿ ಕಾಕಾಕ್ ಎಂದರೆ ಅಣ್ಣ ಅಥವಾ ಅಕ್ಕ, ತುವಾ ಎಂದರೆ ವಯಸ್ಸಾದ. ಎರಡನ್ನೂ ಕೂಡಿಸಿದರೆ ಕಾಕಾತುವಾ, ಅಂದರೆ ಮುದಿ ಅಣ್ಣ, ಇಲ್ಲವೇ ಮುದಿ ಅಕ್ಕ. ಇಂಗ್ಲಿಷ್ ನಿಘಂಟುಗಳು ಕೂಡ ಈ ವಿವರಣೆಯನ್ನು ಒಂದು ಸಾಧ್ಯತೆಯೆಂದು ದಾಖಲಿಸಿವೆ. ಇಂಡೋನೇಷ್ಯಾದ ಮಕ್ಕಳೆಲ್ಲ ಹಾಡುವ ಬುರುಂಗ್ ಕಾಕಾತುವಾ ಎಂಬ ಹಾಡಿನಲ್ಲೂ ಕಿಟಕಿಗೆ ಬಂದು ಕೂತ ಈ ಹಕ್ಕಿಗೆ ವಯಸ್ಸಾದ ಅಜ್ಜಿಯ ಪ್ರಾಸ ಕೂಡಿಕೊಂಡಿದೆ. ಅರವತ್ತು ವರ್ಷವೂ ಬದುಕಬಲ್ಲ ಹಕ್ಕಿಗೆ ಮುದಿತನದ ಹೆಸರು ಹೊಂದುತ್ತದೆ ಎಂದು ಯಾರಿಗಾದರೂ ಅನಿಸಬಹುದು. ಷಿಕಾಗೊ ಬಳಿಯ ಬ್ರೂಕ್‌ಫೀಲ್ಡ್ ಮೃಗಾಲಯದಲ್ಲಿ ಕುಕೀ ಎಂಬ ಕಾಕಟೂ 2016ರಲ್ಲಿ ಸತ್ತಾಗ ಅದಕ್ಕೆ 83 ವರ್ಷ.

ನನಗೆ ಈ ಅರ್ಥದ ಮೇಲೆ ನಂಬಿಕೆ ಕಡಿಮೆ. ಕೇಳಲು ಇಷ್ಟು ಚೆಂದವಾಗಿ, ಇಷ್ಟು ಸಲೀಸಾಗಿ ಎರಡು ತುಂಡಾಗುವ ಹೆಸರುಗಳಲ್ಲಿ ಬಹುಪಾಲು ಆಮೇಲೆ ಕೂಡಿಸಿದ ಕಥೆಗಳೇ ಆಗಿರುತ್ತವೆ. ಗುಮಾನಿಗೆ ಇನ್ನೊಂದು ಕಾರಣವೂ ಇದೆ. ಕಾಕಾತುವಾ ಪದಕ್ಕೆ ಮಲಯ್‌ನಲ್ಲಿ ಮತ್ತೊಂದು ಅರ್ಥವುಂಟು: ಮೊಳೆ ಕೀಳುವ ಇಕ್ಕಳ. ಹತ್ತೊಂಬತ್ತನೇ ಶತಮಾನದಲ್ಲಿ ಜಾನ್ ಕ್ರಾಫರ್ಡ್ ಎಂಬ ವಿದ್ವಾಂಸ ಇಕ್ಕಳವೇ ಮೂಲ, ಹಕ್ಕಿಗೆ ಆ ಹೆಸರು ಆಮೇಲೆ ಬಂತು ಎಂದಿದ್ದ. 1886ರಲ್ಲಿ ಅಚ್ಚಾದ ಹಾಬ್ಸನ್-ಜಾಬ್ಸನ್ ಎಂಬ ಹೆಸರಾಂತ ಕೋಶದಲ್ಲಿ ಇದಕ್ಕೆ ಉತ್ತರವಿದೆ. ಹೆಸರು ಹಕ್ಕಿಯ ಕೂಗಿನಿಂದಲೇ ಬಂದಿರಬೇಕು, ಹಕ್ಕಿಯ ಜೊತೆಗೇ ಅದು ಯಾವುದೋ ದೂರದ ದ್ವೀಪದಿಂದ ಮಲಯ್ ಭಾಷೆಗೆ ಸೇರಿರಬೇಕು, ಕಮ್ಮಟದ ಸಲಕರಣೆಗೆ ಹಕ್ಕಿಯ ಹೆಸರನ್ನು ಇಟ್ಟದ್ದು ಆಮೇಲೆ ಎಂಬ ವಾದ ಅಲ್ಲಿಯದು. ಈ ಕೋಶ ಕಟ್ಟಿದ ಇಬ್ಬರಲ್ಲಿ ಒಬ್ಬರು ಹೆನ್ರಿ ಯೂಲ್, ಇನ್ನೊಬ್ಬರು ಎ. ಸಿ. ಬರ್ನೆಲ್. ಬರ್ನೆಲ್ ನಮಗೆ ಹೊರಗಿನವರಲ್ಲ. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದು, ತುಳುವರ ಭೂತಾರಾಧನೆ ಮತ್ತು ಪಾಡ್ದನಗಳ ಬಗ್ಗೆ ಸಾಮಗ್ರಿ ಕೂಡಿಟ್ಟವರು ಅವರೇ. ಕೋಶ ಅಚ್ಚಾಗುವ ಮೊದಲೇ, 1882ರಲ್ಲಿ ತೀರಿಕೊಂಡರು.

ಇಕ್ಕಳಕ್ಕೆ ಹಕ್ಕಿಯ ಹೆಸರು ಯಾಕೆ ಬಂತು ಎಂಬುದು ಆ ಕೊಕ್ಕನ್ನು ಹತ್ತಿರದಿಂದ ನೋಡಿದವರಿಗೆ ಹೇಳಬೇಕಿಲ್ಲ. ಗಟ್ಟಿ ಬೀಜವೊಂದು ಸಿಕ್ಕಿತೆನ್ನಿ. ದಪ್ಪ ನಾಲಿಗೆ ಅದನ್ನು ಅಲುಗದಂತೆ ಹಿಡಿದಿಡುತ್ತದೆ. ಕೆಳಗಿನ ಕೊಕ್ಕು ಒತ್ತುತ್ತದೆ. ಮೇಲಿನ ಕೊಕ್ಕು ಕಮ್ಮಾರನ ಅಡಿಗಲ್ಲಿನ ಹಾಗೆ ಪೆಟ್ಟಿಗೆ ಒಡ್ಡಿಕೊಂಡು ನಿಲ್ಲುತ್ತದೆ. ಸಿಪ್ಪೆ ಬಿಟ್ಟು ತಿರುಳಷ್ಟೇ ಒಳಗಿಳಿಯುತ್ತದೆ. ಸುಮ್ಮನೆ ಕೂತಾಗಲೂ ಎರಡು ಕೊಕ್ಕನ್ನು ಒಂದಕ್ಕೊಂದು ತೇಯುತ್ತಲೇ ಇರುತ್ತದೆ, ಮೊನಚು ಹೋಗದಂತೆ. ಇಂಡೋನೇಷ್ಯಾದವರು ಹವಳದ ಬಂಡೆಯನ್ನು ಕೆರೆದು ತಿನ್ನುವ ಮೀನಿಗೂ ಕಾಕಾತುವಾ ಮೀನು ಎಂದೇ ಕರೆಯುತ್ತಾರೆ. ಹಿಡಿಯುವ, ಕೀಳುವ, ಒಡೆಯುವ ಎಲ್ಲದಕ್ಕೂ ಆ ದ್ವೀಪಗಳ ಜನಕ್ಕೆ ಮೊದಲು ನೆನಪಾಗುವುದು ಈ ಹಕ್ಕಿ.

ಹೆಸರು ಕೂಗಿನಿಂದ ಬಂತು ಎಂಬ ವಾದ ನಮ್ಮಲ್ಲಿ ಬಹಳ ಹಳೆಯದು. ಕಾಗೆ ಬರುವುದು ಇಲ್ಲಿಯೇ. ವೇದದ ಪದಗಳ ಮೂಲ ಹುಡುಕುವ ಯಾಸ್ಕನ ನಿರುಕ್ತದ ಮೂರನೆಯ ಅಧ್ಯಾಯದಲ್ಲಿ ಕಾಕ ಎಂಬ ಪದದ ಚರ್ಚೆಯಿದೆ. ಅದು ಹಕ್ಕಿಯ ದನಿಯ ಅನುಕರಣೆ, ಹಕ್ಕಿಗಳ ಹೆಸರುಗಳಲ್ಲಿ ಇದು ಬಹಳ ಸಾಮಾನ್ಯ ಎನ್ನುತ್ತಾನೆ ಯಾಸ್ಕ. ಅಲ್ಲಿಗೇ ನಿಲ್ಲಿಸದೆ ಎದುರು ಪಕ್ಷವನ್ನೂ ಕೊಡುತ್ತಾನೆ. ಔಪಮನ್ಯವ ಎಂಬ ಆಚಾರ್ಯನ ಪ್ರಕಾರ ದನಿಯ ಅನುಕರಣೆಯಿಂದ ಪದ ಹುಟ್ಟುವುದೇ ಇಲ್ಲ. ಕಾಗೆ ಕಾಕವಾದದ್ದು ಅದು ಓಡಿಸಬೇಕಾದ ಹಕ್ಕಿಯಾದ್ದರಿಂದ ಎಂದು ಆತ ಧಾತು ಹುಡುಕಿ ಅರ್ಥ ಹೇಳುತ್ತಾನೆ. ಈ ಎರಡು ಸಾಲಿನ ಜಗಳ ಓದಿದಾಗಲೆಲ್ಲ ನನಗೆ ಮೈ ಪುಳಕಗೊಳ್ಳುತ್ತದೆ. ಮುದಿ ಅಣ್ಣ ಎಂದವರೂ ಇಕ್ಕಳ ಎಂದ ಕ್ರಾಫರ್ಡನೂ ಔಪಮನ್ಯವನ ಕಡೆಯವರು. ಕೂಗು ಎಂದ ಯೂಲ್ ಮತ್ತು ಬರ್ನೆಲ್ ಯಾಸ್ಕನ ಕಡೆಯವರು. ನಾನು ಯಾಸ್ಕನ ಕಡೆ. ಕಾಗೆಯ ಕಾಕಕ್ಕೂ ಕಾಕಟೂವಿನ ಕಾಕಾಕ್ಕೂ ರಕ್ತಸಂಬಂಧವಿಲ್ಲ. ಎರಡು ಹಕ್ಕಿಗಳು ಎರಡು ಕಡೆ ಕೂಗಿದವು, ಕೇಳಿದವರು ಹಾಗೆಯೇ ಕರೆದರು.

ಆ ಕೂಗನ್ನು ಕಿವಿಯಾರೆ ಕೇಳುವ ಅವಕಾಶ ನನಗೆ ಸಿಕ್ಕಿದ್ದು ಸಿಡ್ನಿಯಲ್ಲಿ, ತಮ್ಮನ ಮಗನ ಮನೆಯಲ್ಲಿ. ಬೆಳಗಿನ ಕಾಫಿ ಹಿಡಿದು ಹಿತ್ತಲ ಮರದ ಜಗಲಿಯಲ್ಲಿ ಕೂತಿದ್ದೆ. ಎದುರಿನ ನೀಲಗಿರಿ ಮರಕ್ಕೆ ಗಂಧಕದ ಬಣ್ಣದ ಜುಟ್ಟಿನ ಕಾಕಟೂಗಳ ಹಿಂಡು ಬಂದಿಳಿಯಿತು. ಮೃಗಾಲಯದ ಬೇಲಿಯಾಚೆ ಅವು ಗೊಣಗುವುದನ್ನು ಕೇಳಿದ್ದೆ, ಅಷ್ಟೆ. ಬಯಲಿನಲ್ಲಿ ಅವುಗಳ ದನಿ ಬೇರೆಯೇ. ಹಿಂಡಿಗೆ ಹಿಂಡೇ ಗಂಟಲು ಸೀಳಿಕೊಂಡು ಅರಚುತ್ತದೆ, ಕಣಿವೆಯ ಆಚೆಯ ಜೊತೆಗಾರರಿಗೂ ಮುಟ್ಟಬೇಕಾದ ಕೂಗು ಅದು. ಆ ಅರಚಾಟದ ನಡುವೆ ಗಡುಸಾದ ಕ ಕಾರ ಮತ್ತೆ ಮತ್ತೆ ಬರುತ್ತಿತ್ತು. ಒಳಗಿನಿಂದ ಸೊಸೆ, "ದೊಡ್ಡಪ್ಪ, ತಟ್ಟೆ ಒಳಗೆ ತಗೊಂಬಂದ್ಬಿಡಿ, ಒಂದಕ್ಕೆ ಕೊಟ್ರೆ ನಾಳೆ ಐವತ್ತು ಬರ್ತವೆ, ಕಟಕಟೆಯನ್ನೆಲ್ಲ ಕಿತ್ತು ಹಾಕ್ತವೆ" ಎಂದಳು. ಅವಳ ಮಾತು ಉತ್ಪ್ರೇಕ್ಷೆಯಲ್ಲ. ಬೆಳೆಯುತ್ತಲೇ ಇರುವ ಕೊಕ್ಕನ್ನು ಸವೆಸಲು ಅವಕ್ಕೆ ಮರ ಬೇಕು, ಮನೆಯ ಮರವಾದರೂ ಸರಿ. ಅಲ್ಲಿನ ಕಸದ ತೊಟ್ಟಿಗಳ ಮುಚ್ಚಳದ ಮೇಲೆ ಜನ ಇಟ್ಟಿಗೆ ಹೇರಿಟ್ಟಿದ್ದೂ ಇವುಗಳಿಗಾಗಿಯೇ. ಮುಚ್ಚಳ ತೆರೆಯುವ ವಿದ್ಯೆಯನ್ನು ಒಂದು ಹಕ್ಕಿ ಇನ್ನೊಂದನ್ನು ನೋಡಿ ಕಲಿಯುತ್ತದೆ ಎಂದು 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. 2018ಕ್ಕೆ ಮೊದಲು ಸಿಡ್ನಿಯ ಮೂರು ಬಡಾವಣೆಗಳಲ್ಲಿ ಮಾತ್ರ ವರದಿಯಾಗಿದ್ದ ಈ ಅಭ್ಯಾಸ 2019ರ ಕೊನೆಗೆ 44 ಬಡಾವಣೆಗಳಿಗೆ ಹಬ್ಬಿತ್ತು.

ಹೆಸರಿನ ಪ್ರಯಾಣಕ್ಕಿಂತ ಹಕ್ಕಿಯ ಪ್ರಯಾಣ ಹಳೆಯದು. ಚೀನಾದ ಟ್ಯಾಂಗ್ ದೊರೆ ಷುವಾನ್‌ಜಾಂಗನ ಪ್ರೇಯಸಿ ಯಾಂಗ್ ಗುಯಿಫೆಯ ಬಳಿ ಮಾತಾಡುವ ಬಿಳಿ ಗಿಳಿಯೊಂದಿತ್ತು, ಅದನ್ನು ಹಿಮದ ಉಡುಗೆಯ ಹುಡುಗಿ ಎಂದು ಕರೆಯುತ್ತಿದ್ದರು. ದೊರೆ ಆಟದಲ್ಲಿ ಸೋಲುವ ಹೊತ್ತಿಗೆ ಅದು ಹಾರಿಬಂದು ಆಟದ ಹಲಗೆಯನ್ನೇ ಕೆದರಿಬಿಡುತ್ತಿತ್ತು ಎಂಬ ಕಥೆಯಿದೆ. ಅದು ಕಾಕಟೂ ಇರಬೇಕೆಂದು ವಿದ್ವಾಂಸರ ಎಣಿಕೆ. ಇನ್ನೂ ಖಚಿತವಾದ ಸಾಕ್ಷ್ಯ ಯೂರೋಪಿನಲ್ಲಿದೆ. ಸಿಸಿಲಿಯಿಂದ ಆಳುತ್ತಿದ್ದ ಚಕ್ರವರ್ತಿ ಎರಡನೆಯ ಫ್ರೆಡರಿಕ್ ಹಕ್ಕಿಬೇಟೆಯ ಬಗ್ಗೆ ಒಂದು ದೊಡ್ಡ ಗ್ರಂಥ ಬರೆದ. ಹದಿಮೂರನೇ ಶತಮಾನದ ಅದರ ಹಸ್ತಪ್ರತಿ ವ್ಯಾಟಿಕನ್ ಗ್ರಂಥಾಲಯದಲ್ಲಿದೆ. ಅದರಲ್ಲಿ ಬಿಳಿ ಕಾಕಟೂವಿನ ನಾಲ್ಕು ಚಿತ್ರಗಳಿರುವುದನ್ನು 2018ರಲ್ಲಿ ಸಂಶೋಧಕಿ ಹೆದರ್ ಡಾಲ್ಟನ್ ಮತ್ತು ಜೊತೆಗಾರರು ಬೆಳಕಿಗೆ ತಂದರು. ಆ ಹಕ್ಕಿ ಈಜಿಪ್ಟಿನ ಸುಲ್ತಾನ ಅಲ್ ಕಾಮಿಲ್ ಕಳಿಸಿದ ಉಡುಗೊರೆ. ಪೂರ್ವದ ಯಾವುದೋ ದ್ವೀಪದ ಮರದ ಪೊಟರೆಯಲ್ಲಿ ಹುಟ್ಟಿದ ಹಕ್ಕಿ ಕೈಯಿಂದ ಕೈಗೆ ದಾಟುತ್ತ ಕೈರೋ ಮುಟ್ಟಿ, ಅಲ್ಲಿಂದ ಸಿಸಿಲಿಗೆ ಬಂದಿತ್ತು. ಬರುವಾಗ ಹೆಸರು ದಾರಿಯಲ್ಲೇ ಉಳಿದುಹೋಗಿತ್ತು. ಚಕ್ರವರ್ತಿಯ ಪಾಲಿಗೆ ಅದು ಬಿಳಿಯ ಗಿಳಿ, ಅಷ್ಟೇ.

ಹೆಸರು ಯೂರೋಪಿನಲ್ಲಿ ನೆಲೆಯೂರಿದ್ದು ಮೆಣಸು, ಲವಂಗ, ಜಾಯಿಕಾಯಿಗಾಗಿ ಆ ದ್ವೀಪಗಳಿಗೇ ನುಗ್ಗಿದವರ ಜೊತೆ. ಡಚ್ಚರ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1602ರಲ್ಲಿ. ಬಂದರುಗಳ ಸಂತೆಯಲ್ಲಿ ಎಲ್ಲರಿಗೂ ತಿಳಿಯುವ ಭಾಷೆ ಮಲಯ್. ಹಾಗೆ ಮಲಯ್‌ನ ಕಾಕಾತುವಾ ಡಚ್ಚರ ಬಾಯಲ್ಲಿ ಕಾಕೆಟೂ ಆಯಿತು. ಹದಿನೇಳನೇ ಶತಮಾನದ ಇಂಗ್ಲಿಷರು ಅದನ್ನು ಕಾಕಾಟೊ, ಕಾಕಟೂನ್, ಕ್ರಾಕಡೋರ್ ಎಂದೆಲ್ಲ ಬರೆದು, ಕೊನೆಗೆ ತಮಗೆ ಪರಿಚಿತವಾದ ಹುಂಜದ ಪದ ಕಾಕ್ ಅನ್ನು ಅದರೊಳಗೆ ಕಂಡುಕೊಂಡು ಈಗಿನ ಕಾಗುಣಿತಕ್ಕೆ ನಿಂತರು. ಬೆಂಗಳೂರಿನ ಅಂಗಡಿಗಳಲ್ಲಿ ಜೋಡಿ ಜೋಡಿಯಾಗಿ ಮಾರುವ ಬೂದು ಮೈಯ, ಕಿತ್ತಳೆ ಕೆನ್ನೆಯ ಪುಟ್ಟ ಕಾಕಟೀಲ್ ಇದೇ ಕುಟುಂಬದ ಕಿರಿಯ ಹಕ್ಕಿ. ಅದರ ಹೆಸರೂ ಪೋರ್ಚುಗೀಸರಿಂದ ಡಚ್ಚರಿಗೆ ದಾಟಿ ಬಂದ ಚಿಕ್ಕ ಕಾಕಟೂ.

ಹೊಸ ಹೆಸರಿನೊಳಗೆ ಪರಿಚಿತ ಪದವೊಂದನ್ನು ಕಾಣುವುದು ನಮ್ಮ ನೆರೆಯ ಭಾಷೆಗಳಲ್ಲಿಯೂ ಆಯಿತು. ಬಂಗಾಳಿ, ಹಿಂದಿಗಳಲ್ಲಿ ಕಾಕಾತುವಾ ಮೂಲರೂಪದಲ್ಲೇ ಉಳಿಯಿತು. ಜೊತೆಗೆ ಹಿಂದಿಯಲ್ಲಿ ಕಾಕಾಕೌವಾ ಎಂಬ ರೂಪವೂ ಹುಟ್ಟಿತು, ಕೌವಾ ಎಂದರೆ ಕಾಗೆ. ಮರಾಠಿಯಲ್ಲಿ ಕಾಕಾಕುವಾ. ಅಪ್ಪನ ತಮ್ಮನನ್ನು ಕಾಕಾ ಎನ್ನುವ ಬೆಳಗಾವಿ, ಧಾರವಾಡದ ಕಡೆಯ ಓದುಗರಿಗೆ ಆ ಹೆಸರಿನಲ್ಲಿ ಮನೆಯ ಹಿರಿಯರೊಬ್ಬರು ಕಂಡರೆ ಅಚ್ಚರಿಯಿಲ್ಲ. ಮಲಯ್‌ನವರಿಗೆ ಅದರಲ್ಲಿ ಮುದಿ ಅಣ್ಣ ಕಂಡದ್ದು ಹೀಗೆಯೇ. ಪರದೇಶದ ದನಿಯೊಂದು ಊರಿಗೆ ಬಂದರೆ ಅದನ್ನು ಸಂಬಂಧಿಕರೊಬ್ಬರ ಹೆಸರಿಗೆ ಹೊಂದಿಸಿ ಒಳಗೆ ಕರೆದುಕೊಳ್ಳುವ ಗುಣ ಎಲ್ಲ ಭಾಷೆಗಳಿಗೂ ಇದೆ. ಅದು ನನಗೆ ಪ್ರಿಯವಾದ ಗುಣ, ಅದನ್ನು ತಪ್ಪೆಂದು ತಿದ್ದುವ ಅಗತ್ಯ ಕಾಣುವುದಿಲ್ಲ.

ಕನ್ನಡದಲ್ಲಿ ಈ ಹಕ್ಕಿಗೆ ಹಳೆಯ ಹೆಸರಿಲ್ಲದಿರಲು ಭೂಗೋಳವೇ ಕಾರಣ. 1856ರಲ್ಲಿ ಪ್ರಕೃತಿವಿಜ್ಞಾನಿ ಆಲ್ಫ್ರೆಡ್ ರಸೆಲ್ ವ್ಯಾಲೇಸ್ ಬಾಲಿಯಿಂದ ಪಕ್ಕದ ಲೊಂಬೊಕ್ ದ್ವೀಪಕ್ಕೆ ದಾಟಿದ. ನಡುವೆ ಇರುವುದು ಒಂದು ಜಲಸಂಧಿ. ಬಾಲಿಯಲ್ಲಿ ಏಷ್ಯಾದ ಹಕ್ಕಿಗಳು, ಲೊಂಬೊಕ್ಕಿನಲ್ಲಿ ಇದ್ದಕ್ಕಿದ್ದಂತೆ ಬಿಳಿ ಕಾಕಟೂಗಳು. ಆ ಜಲಸಂಧಿ ಬಹಳ ಆಳವಾದ್ದರಿಂದ ಹಿಮಯುಗಗಳಲ್ಲಿ ಕಡಲು ಇಳಿದಾಗಲೂ ಅಲ್ಲಿ ನೆಲ ಕೂಡಲಿಲ್ಲ, ಪ್ರಾಣಿಗಳು ದಾಟಲಿಲ್ಲ. ಇಂದು ವ್ಯಾಲೇಸ್ ರೇಖೆ ಎಂದು ಶಾಲೆಯ ಪುಸ್ತಕಗಳಲ್ಲೂ ಇರುವ ಗೆರೆಯನ್ನು ಎಳೆಯಲು ಅವನಿಗೆ ಸುಳಿವು ಕೊಟ್ಟ ಜೀವಿಗಳಲ್ಲಿ ಕಾಕಟೂ ಒಂದು. ಫಿಲಿಪ್ಪೀನ್ಸಿನವರು ಕಟಾಲ ಎಂದು ಕರೆಯುವ ಹಕ್ಕಿಯನ್ನು ಬಿಟ್ಟರೆ ಉಳಿದ ಕಾಕಟೂಗಳು ಹೆಚ್ಚುಕಡಿಮೆ ಎಲ್ಲವೂ ಆ ಗೆರೆಯ ಪೂರ್ವಕ್ಕೇ ಇವೆ. ಮಲಯ್ ಜನರ ಮೂಲ ನೆಲೆ ಗೆರೆಯ ಪಶ್ಚಿಮಕ್ಕೆ. ಅಂದಮೇಲೆ ಕಾಕಾತುವಾ ಮಲಯ್‌ಗೂ ಪೂರ್ವದ ದ್ವೀಪಗಳಿಂದಲೇ ಬಂದಿರಬೇಕು ಎಂಬ ಹಾಬ್ಸನ್-ಜಾಬ್ಸನ್ನಿನ ತರ್ಕಕ್ಕೆ ಬಲ ಬರುತ್ತದೆ. ನಾವು ಮಲಯ್ ಪದ ಎನ್ನುವುದು ಸಾಗಿಸಿದವರ ಹೆಸರಿನಲ್ಲಿ, ಮೊದಲು ಕರೆದವರು ಬೇರೆ.

ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೆ ಕಾಕಟೂ ಎಂಬ ಹೆಸರೇ ಬೇಕಿರಲಿಲ್ಲ. ಅವರ ಹೆಸರುಗಳು ಅವರವೇ. ಬೂದು ರೆಕ್ಕೆಯ, ಗುಲಾಬಿ ಎದೆಯ ಕಾಕಟೂವಿನ ಗಲಾ ಎಂಬ ಹೆಸರು ಯುವಾಲರಾಯ್ ಭಾಷೆಯ ಗಿಲಾದಿಂದ ಬಂತು. ಆಗ್ನೇಯದ ಕಾಡಿನ ಗ್ಯಾಂಗ್ ಗ್ಯಾಂಗ್, ಬಯಲಿನ ಕೊರೆಲ್ಲಾ ಕೂಡ ಮೂಲನಿವಾಸಿ ಭಾಷೆಗಳ ಕಾಣಿಕೆ. ಪಶ್ಚಿಮದ ನೂಂಗಾರ್ ಜನ ಕೆಂಪು ಬಾಲದ ಕಪ್ಪು ಕಾಕಟೂವನ್ನು ಕರ‍್ರಾಕ್ ಎನ್ನುತ್ತಾರೆ, ಅದೂ ಕೂಗೇ. ಯಾಸ್ಕ ಇದ್ದಿದ್ದರೆ ತನ್ನ ಪಕ್ಷಕ್ಕೆ ಇದನ್ನೊಂದು ಸೇರಿಸಿಕೊಳ್ಳುತ್ತಿದ್ದ. ಬಿಳಿಯರು ಬಂದ ಮೇಲೆ ಕಾಕಟೂ ಬೇರೆ ಕೆಲಸಕ್ಕೂ ನಿಂತಿತು. ಹಿಂಡು ನೆಲದಲ್ಲಿ ಮೇಯುವಾಗ ಒಂದೆರಡು ಹಕ್ಕಿಗಳು ಮರದ ತುದಿಯಲ್ಲಿ ಕಾವಲು ಕೂರುತ್ತವೆ. ಅದನ್ನು ನೋಡಿ, ಕದ್ದು ಜೂಜಾಡುವವರು ಪೊಲೀಸರು ಬಂದರೆ ಹೇಳಲು ಕೂರಿಸುವ ಕಾವಲುಗಾರನಿಗೆ ಕಾಕಟೂ ಎಂದರು. ಸಣ್ಣ ರೈತನಿಗೆ ಕಾಕಿ ಎಂದರು. ಪ್ರಭೇದಕ್ಕೆ ಮನುಷ್ಯರ ಹೆಸರು ಅಂಟಿಸಿದ್ದೂ ಉಂಟು. ಕುಕೀಯ ಜಾತಿಯ ನಸುಗೆಂಪು ಕಾಕಟೂವಿಗೆ ಬಹುಕಾಲ ಮೇಜರ್ ಮಿಚೆಲ್ ಎಂಬ ಭೂಮಾಪಕನ ಹೆಸರಿತ್ತು. 1836ರಲ್ಲಿ ಆತನ ತಂಡ ಮೂಲನಿವಾಸಿಗಳನ್ನು ಗುಂಡಿಟ್ಟು ಕೊಂದಿತ್ತು. 2023ರಲ್ಲಿ ಬರ್ಡ್‌ಲೈಫ್ ಆಸ್ಟ್ರೇಲಿಯಾ ಸಂಸ್ಥೆ ಆ ಹೆಸರನ್ನು ಕೈಬಿಟ್ಟು ಪಿಂಕ್ ಕಾಕಟೂ ಎಂದಷ್ಟೇ ಉಳಿಸಿಕೊಂಡಿತು. ಅದು ಸರಿಯಾದ ನಿರ್ಧಾರ ಎಂದೇ ನನ್ನ ಅಭಿಪ್ರಾಯ.

ಹೆಸರು ಲೋಕವೆಲ್ಲ ಸುತ್ತುತ್ತಿರುವಾಗ ಹೆಸರು ಹುಟ್ಟಿದ ದ್ವೀಪಗಳಲ್ಲಿ ಕೂಗು ಅಡಗುತ್ತ ಬಂದಿದೆ. ವ್ಯಾಲೇಸ್ ಲೊಂಬೊಕ್ಕಿನಲ್ಲಿ ಕಂಡ ಹಳದಿ ಜುಟ್ಟಿನ ಚಿಕ್ಕ ಕಾಕಟೂ ಇಂದು ಅಳಿವಿನ ಅತಿ ಅಂಚಿನಲ್ಲಿದೆ, ಫಿಲಿಪ್ಪೀನ್ಸಿನ ಕಟಾಲದ ಸ್ಥಿತಿಯೂ ಅದೇ. ಗೂಡಿಗೆ ಹಳೆಯ ಮರದ ಪೊಟರೆ ಬೇಕು, ಇಡುವುದು ಒಂದೆರಡೋ ಮೂರೋ ಮೊಟ್ಟೆ, ಮರಿ ಬೆಳೆಯಲು ವರ್ಷಗಳು. ಇಂಥ ಹಕ್ಕಿ ವರ್ಷವರ್ಷವೂ ಹಿಡಿದು ಮಾರುವುದನ್ನು ತಾಳಲಾರದು. ಅಂತರರಾಷ್ಟ್ರೀಯ ಒಪ್ಪಂದ ಸೈಟ್ಸ್ 2005ರಲ್ಲಿ ಹಳದಿ ಜುಟ್ಟಿನ ಚಿಕ್ಕ ಕಾಕಟೂವಿನ ವಾಣಿಜ್ಯ ವ್ಯಾಪಾರವನ್ನು ನಿಷೇಧಿಸಿದರೂ ಕಳ್ಳಸಾಗಣೆ ನಿಲ್ಲಲಿಲ್ಲ. 2015ರ ಮೇ ತಿಂಗಳಲ್ಲಿ ಸುರಬಾಯಾ ಬಂದರಿನಲ್ಲಿ ಹಡಗಿಳಿದ ಒಬ್ಬನ ಚೀಲದಲ್ಲಿ ಇಪ್ಪತ್ತಕ್ಕೂ ಹೆಚ್ಚು ಹಕ್ಕಿಗಳು ಸಿಕ್ಕವು, ಒಂದೊಂದನ್ನೂ ನೀರಿನ ಪ್ಲಾಸ್ಟಿಕ್ ಬಾಟಲಿಯೊಳಗೆ ತುರುಕಲಾಗಿತ್ತು. ಆ ಚಿತ್ರಗಳನ್ನು ನೋಡಿ ಇಂಡೋನೇಷ್ಯಾದ ಜನ ಕೆರಳಿದರು. ಸರ್ಕಾರ ಕರೆಕೊಟ್ಟಾಗ ಮನೆಗಳಲ್ಲಿ ಸಾಕಿದ್ದ ಕಾಕಟೂಗಳನ್ನು ಅನೇಕರು ತಾವಾಗಿಯೇ ತಂದು ಒಪ್ಪಿಸಿದರು.

ಹಾಗಾದರೆ ನಾವು ಕಾಕಟೂ ಸಾಕಬಹುದೇ ಎಂಬುದು ಪತ್ರಗಳ ಎರಡನೆಯ ಪ್ರಶ್ನೆ. ನಮ್ಮ ನಾಡಿನ ಗಿಳಿಗಳನ್ನು ಪಂಜರದಲ್ಲಿಡುವುದು ವನ್ಯಜೀವಿ ಕಾಯ್ದೆಯಂತೆ ಅಪರಾಧ. ಸೈಟ್ಸ್ ಪಟ್ಟಿಯಲ್ಲಿರುವ ವಿದೇಶಿ ಹಕ್ಕಿಗಳನ್ನು ಸಾಕುವವರು 2024ರ ನಿಯಮಗಳ ಪ್ರಕಾರ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಲೇಬೇಕು. ಕಾನೂನು ಒಪ್ಪಿದರೂ ನಾನು ಬೇಡ ಎನ್ನುತ್ತೇನೆ. ಕಣಿವೆಯಾಚೆಗೆ ಮುಟ್ಟಬೇಕಾದ ದನಿಯನ್ನು ಅಪಾರ್ಟ್‌ಮೆಂಟಿನ ಒಂದು ಕೋಣೆ ತಾಳುವುದಿಲ್ಲ. ಹಿಂಡಿನಲ್ಲಿ ಬದುಕುವ ಈ ಹಕ್ಕಿ ಒಂಟಿಯಾಗಿ ಬಿಟ್ಟರೆ ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳುತ್ತದೆ, ಅದೂ ಮಾಲೀಕರ ಆಯುಸ್ಸು ಮುಗಿದ ಮೇಲೂ ಉಳಿಯಬಹುದಾದಷ್ಟು ವರ್ಷ. ಬಾಲಿಗೆ ಪ್ರವಾಸ ಹೋಗುವ ಕನ್ನಡಿಗರು ಈಗ ಬಹಳ ಮಂದಿ, ಅವರಲ್ಲಿ ಕೆಲವರು ದೈತ್ಯ ಉಡ ನೋಡಲು ಕೊಮೊಡೊ ರಾಷ್ಟ್ರೀಯ ಉದ್ಯಾನಕ್ಕೂ ದಾಟುತ್ತಾರೆ. ಹಳದಿ ಜುಟ್ಟಿನ ಕಾಕಟೂ ಇನ್ನೂ ಹಿಂಡಾಗಿ ಉಳಿದಿರುವ ಕೆಲವೇ ಜಾಗಗಳಲ್ಲಿ ಅದೂ ಒಂದು. ಅಲ್ಲಿ ಬೆಳಿಗ್ಗೆ ಬೇಗ ಇಳಿದವರು ಉಡ ಹುಡುಕುವ ಮೊದಲು ಒಂದಿಷ್ಟು ಹೊತ್ತು ತಾಳೆಮರಗಳ ಕಡೆ ಕಿವಿಗೊಟ್ಟು ನಿಲ್ಲಲಿ. ಕೇಳಿದ್ದು ಮುದಿ ಅಣ್ಣನೋ, ಇಕ್ಕಳವೋ, ಬರಿಯ ಕೂಗೋ ಎಂದು ನನಗೊಂದು ಪತ್ರ ಬರೆಯಲಿ.